ಮಿನಿಸ್ಟ್ರ ಗಂಟಲು

ಪಾಂಡವಪುರದ ಹೊನ್ನಪ್ಪನವರು ಎರಡು ಸಲ ಶಾಸಕರಾಗಿದ್ದವರು. ಅದರಲ್ಲಿ ಹದಿನಾಲ್ಕು ತಿಂಗಳು ಉಪಮಂತ್ರಿಯೂ ಆಗಿದ್ದರು. ಮಂತ್ರಿಗಿರಿ ಹೋಗಿ ಹತ್ತು ವರ್ಷ ಕಳೆದಿದ್ದರೂ ಜನರ ಬಾಯಲ್ಲಿ ಅವರಿನ್ನೂ ಮಿನಿಸ್ಟ್ರೇ. ಆ ಹೆಸರಿಗೆ ತಕ್ಕ ಮೈಕಟ್ಟು, ಮೈಕಟ್ಟಿಗೆ ತಕ್ಕ ಗಂಟಲು. ಸಂತೆಮಾಳದ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿ ಬೆಲ್ಲ ತೂಗುವವನಿಗೆ "ತಕ್ಕಡಿ ನೆಟ್ಟಗೆ ಇಡ್ಕಳ್ಳಲಾ" ಎಂದರೆ, ನಡುವೆ ಇದ್ದ ಹದಿನೈದು ಅಂಗಡಿಯವರೂ ತಂತಮ್ಮ ತಕ್ಕಡಿ ನೆಟ್ಟಗೆ ಹಿಡಿಯುತ್ತಿದ್ದರು.

ಮಂಚಯ್ಯ ಆ ಮನೆಯ ಆಳು. ನಾಗಮಂಗಲ ಕಡೆಯ ದೇವಲಾಪುರದವನು. ಇಪ್ಪತ್ತಾರು ವರ್ಷದಿಂದ ಹಸು ಕರೆದು, ಬಂದವರಿಗೆ ಕಾಫಿ ಕೊಟ್ಟು, ಬರಬಾರದವರಿಗೆ "ಸಾಹೇಬ್ರು ಮೈಸೂರ್ಗೆ ಓಗವ್ರೆ" ಎಂದು ಹೇಳಿ ಕಳಿಸಿ, ಸಂಜೆ ಮಿನಿಸ್ಟ್ರ ಕಾಲೊತ್ತುತ್ತಾ ಜಿಲ್ಲೆಯ ರಾಜಕೀಯವನ್ನೆಲ್ಲ ಅರೆದು ಕುಡಿದಿದ್ದ. ಹೆಂಡತಿ ಮಾದಮ್ಮ ಊರಿನಲ್ಲಿ ಎರಡೆಕರೆ ರಾಗಿ ಹೊಲ ನೋಡಿಕೊಂಡಿದ್ದಳು. ತಿಂಗಳಿಗೊಮ್ಮೆ ಅವನು ಊರಿಗೆ ಹೋದರೆ, "ನೀನು ನನ್ ಗಂಡನೋ ಮಿನಿಸ್ಟ್ರ ಎಂಡ್ತಿಯೋ, ಮೊದ್ಲು ಅದ ತೀರ್ಮಾನ ಮಾಡ್ಕೊ" ಎನ್ನುವಳು.

ತೊಂಬತ್ತೆರಡರಲ್ಲಿ ಮಿನಿಸ್ಟ್ರ ಕಿವಿ ಕೈಕೊಟ್ಟಿತು. ಬಲಗಿವಿ ಪೂರ್ತಿ ಹೋಯಿತು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು. ಅವರು ಒಪ್ಪಲಿಲ್ಲ. "ಈಗಿನ್ ಜನ ಬಾಯ್ಬುಟ್ಟು ಮಾತಾಡಾದ್ನೇ ಮರ್ತವ್ರೆ" ಎಂದು ಊರನ್ನೇ ದೂರಿದರು. ಹೆಂಡತಿ ಇಂದ್ರಮ್ಮ ಮೈಸೂರಿನ ಡಾಕ್ಟರಿಗೆ ತೋರಿಸೋಣವೆಂದರೆ ಕೆಂಡವಾದರು. "ಕಿವುಡ ಅಂತ ಗೊತ್ತಾದ್ರೆ ಯಾವ್ ನನ್ಮಗ ಓಟಾಕ್ತಾನೆ? ಕಳ್ಳನ್ಗೆ ಆಕ್ತಾರೆ, ಕುಡುಕನ್ಗೆ ಆಕ್ತಾರೆ, ಕಿವುಡನ್ಗೆ ಆಕಾಕಿಲ್ಲ."

"ಮೂವತ್ತೈದು ವರ್ಷದಿಂದ ನನ್ ಮಾತ ಕೇಳ್ನಿಲ್ಲ. ಈಗ ಕಿವೀನೂ ಕೇಳಾಕಿಲ್ಲ ಅಂದ್ರೆ ನನಗೇನ್ ಅಂತಾ ಲುಕ್ಸಾನು" ಎಂದು ಇಂದ್ರಮ್ಮ ಅಡುಗೆಮನೆಗೆ ಹೋದರು.

ಎಡವಟ್ಟಾದದ್ದು ಫೋನಿನಲ್ಲಿ. ಕಿಕ್ಕೇರಿಯ ಚಿಕ್ಕಮಾದಯ್ಯ ಅವರ ಹಳೆಯ ಕಾರ್ಯಕರ್ತ. ಒಂದು ಬೆಳಿಗ್ಗೆ ಫೋನ್ ಮಾಡಿ, "ಅಣ್ಣೋ, ನಮ್ಮಪ್ಪ ಓಗ್ಬುಟ್ಟ" ಎಂದು ಅತ್ತ. ಮಿನಿಸ್ಟ್ರಿಗೆ ಅಳು ಕೇಳಿಸಲಿಲ್ಲ, 'ಓಗ್ಬುಟ್ಟ' ಎಂಬುದಷ್ಟೇ ಕೇಳಿಸಿತು. "ಓಗ್ಲಿ ಬುಡ್ಲಾ. ಬಂದೇಟ್ಗೆ ನನ್ ತಾವ್ಕೆ ಕಳ್ಸು" ಎಂದು ಫೋನಿಟ್ಟರು.

ಹನ್ನೊಂದನೇ ದಿನದ ತಿಥಿಯ ಕಾರ್ಡು ಕೈಗೆ ಬಂದಾಗಲೇ ಅವರಿಗೆ ವಿಷಯ ತಿಳಿದದ್ದು. ಮುಖ ಸಣ್ಣಗೆ ಮಾಡಿಕೊಂಡು ಕಿಕ್ಕೇರಿಗೆ ಹೋದರು, ಮಂಚಯ್ಯನೂ ಜೊತೆಗಿದ್ದ. ಸತ್ತವನ ಹೆಂಡತಿ, ಎಪ್ಪತ್ತು ದಾಟಿದ ಮುದುಕಿ, ಕೈಮುಗಿದು ಕೇಳಿದಳು: "ಬಂದೇಟ್ಗೆ ಕಳ್ಸಿ ಅಂದಿದ್ರಂತಲ್ಲ ಬುದ್ದಿ. ಎಡೆ ಇಕ್ಕುವಾಗ ಯೋಳಿವ್ನಿ, ಮಿನಿಸ್ಟ್ರು ಕರೀತಾವ್ರೆ, ಅತ್ಲಾಗೊಂದಪ ಓಗ್ಬುಟ್ಟು ಓಗು ಅಂತ. ಏನಾರ ಬಂದಿದ್ರಾ?"

ಮಂಚಯ್ಯ ಅದನ್ನು ಎಡಗಿವಿಗೆ ತಲುಪಿಸಿದ. ಮಿನಿಸ್ಟ್ರು ಎಡೆಗೆ ಕೈಮುಗಿದು, ಊಟಕ್ಕೂ ಕೂರದೆ ಕಾರು ಹತ್ತಿದರು.

ಮಾರನೆಯ ದಿನ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. "ಲೋ ಮಂಚ, ಕೊಟ್ಟಿಗೇಲಿ ನನ್ನಂಗೆ ಮಾತಾಡ್ತಿದ್ದೆಯಲ್ಲ, ಅಂಗೆ ಒಂದಪ ಮಾತಾಡು."

ಮಂಚಯ್ಯ ಟವೆಲ್ಲು ಕಂಕುಳಿಗೆ ಸೇರಿಸಿ ಬಾಗಿಲ ಕಡೆ ನೋಡಿದ. ಮನೆಯ ಸೀಮೆಹಸು ಭಾರಿ ಒದೆಯುವ ಜಾತಿ. ಮಿನಿಸ್ಟ್ರ ಧ್ವನಿ ಕೇಳಿದರೆ ಮಾತ್ರ ತೆಪ್ಪಗೆ ನಿಲ್ಲುತ್ತಿತ್ತು. ಅದಕ್ಕೇ ಅವನು ಹಾಲು ಕರೆಯುವಾಗ ಮೊದಲು ಒಂದು ಕೆಮ್ಮು, ಆಮೇಲೆ "ಏನಮ್ಮಾ ನಿಂದು?" ಎಂದು ಅವರ ಧಾಟಿಯಲ್ಲೇ ಗದರುತ್ತಿದ್ದ. ಇದು ಯಜಮಾನರ ಕಿವಿಗೆ, ಅದೂ ಕಿವಿ ಚೆನ್ನಾಗಿದ್ದ ಕಾಲದಲ್ಲೇ, ಬಿದ್ದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ತಪ್ಪಾಯ್ತು ಬುದ್ದಿ."

"ತಪ್ಪು ಆಮೇಕಾಗ್ಲಿ. ಈಗ ನಿಮ್ಮಮ್ಮಾವ್ರ ಕೂಗು. 'ಇಂದ್ರಾ, ಕಾಫಿ' ಅನ್ನು."

ಅಮ್ಮಾವರನ್ನು ಹೆಸರು ಹಿಡಿದು ಕೂಗುವುದೆಂದರೆ! ಮಂಚಯ್ಯ ಕಣ್ಣು ಮುಚ್ಚಿಕೊಂಡು, ಕೆಮ್ಮಿ, ಕೂಗಿಯೇಬಿಟ್ಟ. ಎರಡು ನಿಮಿಷಕ್ಕೆ ಇಂದ್ರಮ್ಮ ಲೋಟ ಹಿಡಿದು ಬಂದು, "ಈಗ ತಾನೇ ಕುಡುದ್ರಲ್ಲ, ಒಟ್ಟೇಲಿ ಏನ್ ಬಾವಿ ತೋಡ್ಸೀರಾ?" ಎನ್ನುತ್ತಾ ಗಂಡನ ಕೈಗೇ ಕೊಟ್ಟು ಹೋದರು. ಮೂವತ್ತೈದು ವರ್ಷ ಬಾಳಿದವಳಿಗೇ ತಿಳಿಯಲಿಲ್ಲವೆಂದ ಮೇಲೆ ಇನ್ನು ಯಾರ ಪರೀಕ್ಷೆ ಬೇಕು?

ಅಂದಿನಿಂದ ಫೋನು ಮಂಚಯ್ಯನದಾಯಿತು. ನಡುಮನೆಯ ಸ್ಟೂಲಿನ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಇನ್ನೂರ ಹನ್ನೊಂದನೇ ನಂಬರು ಬಡಿದುಕೊಂಡರೆ, ಅವನು ಕೈಯೊರೆಸಿಕೊಂಡು ಬಂದು, ಕೆಮ್ಮಿ, "ಏನಪ್ಪಾ?" ಎನ್ನುವನು. ಮಿನಿಸ್ಟ್ರು ಕಟ್ಟಪ್ಪಣೆ ಮಾಡಿದ್ದರು: "ಯಾರ್ ಏನೇ ಕೇಳ್ಲಿ, 'ನೋಡಾಣ' ಅನ್ಬೇಕು. ಅದ್ರ ಮೇಲೆ ಒಂದಕ್ಸರ ಬ್ಯಾಡ. ನಾನು ಎಲ್ಡೆಲೆಕ್ಸನ್ ಗೆದ್ದಿರಾದು ಅದೊಂದ್ ಮಾತ್ನಲ್ಲೇ ಕಣ್ಲಾ."

ಸಭೆ ಸಮಾರಂಭಗಳಿಗೆ ಬೇರೆ ಏರ್ಪಾಡು. ಮಂಚಯ್ಯ ಎದುರಿಗೆ ಕಾಣುವ ಹಾಗೆ ನಿಲ್ಲಬೇಕು. ಅವನ ಟವೆಲ್ಲು ಬಲ ಹೆಗಲ ಮೇಲಿದ್ದರೆ ಮಿನಿಸ್ಟ್ರು ತಲೆಯಾಡಿಸಬೇಕು, ಎಡಕ್ಕಿದ್ದರೆ ಗಂಭೀರವಾಗಬೇಕು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರೆ ನಗಬೇಕು. ನಾಗಮಂಗಲದ ಒಂದು ಶ್ರದ್ಧಾಂಜಲಿ ಸಭೆಯಲ್ಲಿ ಚೈತ್ರದ ಬಿಸಿಲಿಗೆ ಬೆವರು ತಡೆಯಲಾರದೆ ಮಂಚಯ್ಯ ಮುಖ ಒರೆಸಿಕೊಂಡ. ಮಿನಿಸ್ಟ್ರು ಹೊಟ್ಟೆ ಕುಲುಕಿಸಿ ನಕ್ಕರು. ಸತ್ತವನಿಗೂ ಅವರಿಗೂ ಹಳೆಯ ವೈಷಮ್ಯವಿದ್ದದ್ದರಿಂದ ಜನ ಅದನ್ನು ಧೈರ್ಯವೆಂದು ಭಾವಿಸಿದರು.

ಒಂದು ವರ್ಷ ಮಂಚಯ್ಯ 'ನೋಡಾಣ' ಬಿಟ್ಟು ಬೇರೇನೂ ಅನ್ನಲಿಲ್ಲ. ಅವನ ಬಾಯಿಗೆ ಆ ಮಾತು ಎಲೆಅಡಿಕೆಯ ಹಾಗೆ ಒಗ್ಗಿಹೋಗಿತ್ತು. ಅದನ್ನು ಉಗಿಯುವ ಹಾಗೆ ಮಾಡಿದವಳು ತೊಣ್ಣೂರಿನ ಪುಟ್ಟತಾಯಮ್ಮ. ಗಂಡ ಸತ್ತವಳು, ವಿಧವಾ ವೇತನದ ಅರ್ಜಿ ಕೊಟ್ಟು ಏಳು ತಿಂಗಳಾಗಿತ್ತು. ಮಿನಿಸ್ಟ್ರು ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವಳ ಫೋನು ಬಂತು.

"ನೋಡಾಣ ಕಣವ್ವ" ಎಂದ ಮಂಚಯ್ಯ.

"ಇನ್ನೆಷ್ಟ್ ದಿನ ನೋಡೀರಿ ಬುದ್ದಿ? ನಾಕ್ ಸಲ ಫೋನ್ ಮಾಡಿವ್ನಿ, ನಾಕ್ ಸಲವೂ ನೋಡಾಣ ನೋಡಾಣ ಅಂದ್ರಿ. ನೋಡ್ತಾನೇ ಇರಾಕೆ ನಾನೇನ್ ನಾಟ್ಕವಾ?"

ಮಂಚಯ್ಯನಿಗೆ ಚುರುಕ್ಕೆಂದಿತು. ಆ ನಾಲ್ಕು 'ನೋಡಾಣ'ವೂ ಅವನವೇ. ಮಿನಿಸ್ಟ್ರಿಗೆ ಈ ಹೆಂಗಸು ಹುಟ್ಟಿರುವುದೇ ಗೊತ್ತಿಲ್ಲ. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಇನ್ನೂ ಬರುತ್ತಿತ್ತು. ಅವನು ಕೆಮ್ಮಿ, "ಆಯ್ತವ್ವ, ಮಾಡ್ತೀನಿ" ಅಂದುಬಿಟ್ಟ.

ಅಂದ ಮೇಲೆ ಮಾಡಬೇಕಾಯಿತು. ತಾಲ್ಲೂಕು ಕಚೇರಿಗೆ ಫೋನ್ ಹಚ್ಚಿದ. "ಯಾರಪ್ಪಾ ಅದು? ನಾನು ಕಣಯ್ಯ, ಹೊನ್ನಪ್ಪ" ಎಂದದ್ದೇ ತಡ, ಆ ಕಡೆ ಕುರ್ಚಿ ಹಿಂದಕ್ಕೆ ಬಿದ್ದ ಶಬ್ದ ಕೇಳಿಸಿತು. ಗುಮಾಸ್ತ ಎದ್ದು ನಿಂತಿದ್ದಾನೆ! ಹಸು ಬಿಟ್ಟರೆ ಮಂಚಯ್ಯನ ಮಾತಿಗೆ ಯಾರೂ ಹಾಗೆ ಮೈ ಅಲುಗಿಸಿದವರಲ್ಲ. ಅವನ ಎದೆ ಒಂದು ಅಂಗುಲ ಉಬ್ಬಿತು. "ತೊಣ್ಣೂರ್ ಪುಟ್ಟತಾಯಮ್ಮನ ಅರ್ಜಿ ಮೇಲೆ ಏನ್ ಕೋಳಿ ಕಾವ್ ಕೂರ್ಸಿದ್ದೀಯಾ? ಸೋಮವಾರದೊಳ್ಗೆ ಮರಿ ಆಗಿರ್ಬೇಕು" ಎಂದ. ಸೋಮವಾರ ಆರ್ಡರಾಯಿತು.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಮಿನಿಸ್ಟ್ರು ಸ್ನಾನಕ್ಕೋ ನಿದ್ದೆಗೋ ಹೋಗುವುದನ್ನೇ ಕಾದು, ಕಿಕ್ಕೇರಿಯ ಶಾಲೆಗೆ ಮೇಷ್ಟರನ್ನು ಹಾಕಿಸಿದ. ಯಾವುದೋ ಹಳ್ಳಿಯ ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ. ತನ್ನ ದೇವಲಾಪುರಕ್ಕೂ ಬೆಳಿಗ್ಗೆ ಏಳರ ಬಸ್ಸು ಬಿಡಿಸಿಕೊಂಡ. ಎಲ್ಲವೂ ಒಂದು ಕೆಮ್ಮಿನಲ್ಲಿ. ಜನ ಮನೆಗೆ ಬರತೊಡಗಿದರು. ಯಾರೋ ಗೆಣಸು ತಂದರು, ಯಾರೋ ಅವರೆಕಾಯಿ. ಪುಟ್ಟತಾಯಮ್ಮ ಕೆಂಪು ಹುಂಜವನ್ನೇ ತಂದು ಮಿನಿಸ್ಟ್ರ ತೊಡೆಯ ಮೇಲಿಟ್ಟಳು.

"ಯಾಕ್ಲಾ ಇವ್ರೆಲ್ಲ ನನ್ ಕಾಲ್ಗೆ ಬೀಳ್ತಾವ್ರೆ?" ಎಂದು ಮಿನಿಸ್ಟ್ರು ಅನುಮಾನಪಟ್ಟರು.

"ನಿಮ್ ಒಳ್ಳೇತನ ಈಗ ಗೊತ್ತಾಗದೆ ಬುದ್ದಿ" ಎಂದು ಮಂಚಯ್ಯ ಎಡಗಿವಿಗೆ ಕೂಗಿದ.

"ಅಧಿಕಾರ ಇದ್ದಾಗ ಗೊತ್ತಾಗ್ನಿಲ್ವಲ್ಲ!" ಎಂದರೂ ಹುಂಜವನ್ನು ಇಂದ್ರಮ್ಮನ ಕೈಗೆ ದಾಟಿಸಿದರು.

ಹೀಗೇ ನಡೆಯುತ್ತಿತ್ತೇನೋ. ಆದರೆ ಮಿನಿಸ್ಟ್ರಿಗೆ ಕಿವಿ ಹೋಗಿತ್ತೇ ಹೊರತು ಕಣ್ಣು ಚುರುಕಾಗಿತ್ತು. ತೊಂಬತ್ತನಾಲ್ಕರ ಶ್ರಾವಣದಲ್ಲಿ ಒಂದು ವಾರಪತ್ರಿಕೆ 'ಮಾಜಿ ಉಪಮಂತ್ರಿಗಳ ದೂರವಾಣಿ ದರ್ಬಾರು' ಎಂದು ಅವರ ಫೋಟೋ ಸಮೇತ ಬರೆಯಿತು. ಪುಟ್ಟತಾಯಮ್ಮ, ಮೇಷ್ಟರು, ಟ್ರಾನ್ಸ್‌ಫಾರ್ಮರ್, ಬಸ್ಸು, ಎಲ್ಲದರ ಪಟ್ಟಿಯೂ ಇತ್ತು. ಮಿನಿಸ್ಟ್ರು ಅದನ್ನು ಮೂರು ಸಲ ಓದಿ, ಕನ್ನಡಕ ತೆಗೆದಿಟ್ಟು, ಮಂಚಯ್ಯನನ್ನು ಕರೆದರು.

"ಏನ್ಲಾ ಇದು?"

ಮಂಚಯ್ಯ ಪತ್ರಿಕೆಯನ್ನು ಮಗುಚಿಟ್ಟ.

"ಮೂವತ್ತೊರ್ಸ ರಾಜಕೀಯ ಮಾಡಿವ್ನಿ. ಯಾರ್ಗೂ 'ಮಾಡ್ತೀನಿ' ಅಂದೋನಲ್ಲ! ಒಬ್ಬನ್ಗೆ ಮಾಡ್ಕೊಟ್ರೆ ಮಿಕ್ಕ ಒಂಬತ್ ಜನ ಮುನಿಸ್ಕೋತಾರೆ ಕಣ್ಲಾ. ಯಾರ್ಗೂ ಮಾಡ್ದಿದ್ರೆ ಅತ್ತೂ ಜನ ನಮ್ಮೋರಾಗೇ ಇರ್ತಾರೆ. ನನ್ ಗಂಟ್ಲಲ್ಲಿ ಊರುದ್ದಾರ ಮಾಡಾಕೆ ನಿನ್ಗೆ ಓಟಾಕಿದ್ದೋರ್ಯಾರು?"

ಅಷ್ಟಕ್ಕೇ ಬಿಡಲಿಲ್ಲ. ಕಾರಿನಲ್ಲಿ ಕೂರಿಸಿಕೊಂಡು ಮೇಲುಕೋಟೆಗೆ ಹೋಗಿ, ಚೆಲುವನಾರಾಯಣನ ಮುಂದೆ ನಿಲ್ಲಿಸಿ, 'ನೋಡಾಣ' ಒಂದನ್ನು ಬಿಟ್ಟು ಫೋನಿನಲ್ಲಿ ಮತ್ತೊಂದು ಮಾತು ಆಡುವುದಿಲ್ಲವೆಂದು ಆಣೆ ಮಾಡಿಸಿದರು. ಮಂಚಯ್ಯ ತೀರ್ಥ ಕುಡಿದು ಕಣ್ಣಿಗೊತ್ತಿಕೊಂಡ. ವಾಪಸು ಬರುವಾಗ ದಾರಿಯಲ್ಲಿ ಪುಳಿಯೋಗರೆ ಕೊಡಿಸಿದರೆನ್ನಿ. ಬೈದ ದಿನ ಅವನನ್ನು ಬರಿಹೊಟ್ಟೆಯಲ್ಲಿ ಮಲಗಿಸಿದ್ದು ಆ ಮನೆಯಲ್ಲಿ ಒಂದು ದಿನವೂ ಇಲ್ಲ.

ಆಣೆಗೆ ಎರಡು ತಿಂಗಳಾಗುವಷ್ಟರಲ್ಲಿ ಚುನಾವಣೆ ಗೊತ್ತಾಯಿತು. ಮಿನಿಸ್ಟ್ರು ಬಂದವರ ಮುಂದೆಲ್ಲ "ನನ್ಗೆ ಟಿಕೇಟ್ ಬ್ಯಾಡ ಕಣ್ರಯ್ಯ, ವಯಸ್ಸಾಯ್ತು" ಎನ್ನುತ್ತಿದ್ದರು. ಸಂಜೆ ಕಾಲೊತ್ತಿಸಿಕೊಳ್ಳುವಾಗ ಮಾತ್ರ, ಖಾದಿ ಜುಬ್ಬ ಇಸ್ತ್ರಿಗೆ ಹಾಕಿದೆಯಾ ಎಂದು ಕೇಳುತ್ತಿದ್ದರು. ಕಿಕ್ಕೇರಿ ಕಡೆಯ ಕಂಟ್ರಾಕ್ಟರ್ ತಿಮ್ಮೇಶನೂ ಟಿಕೆಟ್ಟಿಗೆ ಓಡಾಡುತ್ತಿದ್ದ. ಇಂದ್ರಮ್ಮ ಒಂದು ದಿನ ಮಂಚಯ್ಯನಿಗೆ ಹಿತ್ತಲಲ್ಲಿ ಹೇಳಿದರು: "ಆ ಟಿಕೇಟ್ ಬರ್ದೇ ಇರ್ಲಿ ಅಂತ ಹರಕೆ ಕಟ್ಕೊಂಡಿವ್ನಿ ಕಣೋ. ಇವ್ರು ಸ್ಟೇಜ್ ಮೇಲೆ ನಿಂತು, ಜನ ಅಂದಿದ್ದೊಂದು ಇವ್ರು ಹೇಳಿದ್ದೊಂದು ಆದ್ರೆ, ಊರೆಲ್ಲ ನಗ್ತದೆ. ಈ ಮನ್ಸ ಬೈಗುಳ ತಡ್ಕೋತಾರೆ, ನಗೋದ ತಡ್ಕೊಳಾಕಿಲ್ಲ."

ಒಂದು ಭಾನುವಾರ ಗಂಡಹೆಂಡತಿ ಶ್ರೀರಂಗಪಟ್ಟಣಕ್ಕೆ ಬೀಗರ ಮನೆಯ ನಾಮಕರಣಕ್ಕೆ ಹೋದರು. ಮಧ್ಯಾಹ್ನ ಎರಡು ಗಂಟೆಗೆ ಫೋನು ಬಡಿದುಕೊಂಡಿತು. ಬೆಂಗಳೂರಿನಿಂದ, ಪಕ್ಷದ ದೊಡ್ಡವರು.

"ಹೊನ್ನಪ್ಪನವರೇ, ನಿಮ್ಮ ಹೆಸರೇ ಅಂತಿಮ ಮಾಡ್ತಿದ್ದೀವಿ. ಪತ್ರಿಕೆಯಲ್ಲಿ ಬಂದದ್ದು ನೋಡಿದೆ, ಅದ್ಭುತ ಕೆಲಸ ಮಾಡಿದ್ದೀರಿ. ನಿಲ್ತೀರಿ ತಾನೇ?"

ಮಂಚಯ್ಯ ರಿಸೀವರನ್ನು ಎರಡು ಕೈಯಲ್ಲೂ ಹಿಡಿದ. ಹ್ಞೂ ಅಂದರೆ ಆಣೆ ಮುರಿಯುತ್ತದೆ, ಉಹ್ಞೂ ಅಂದರೂ ಮುರಿಯುತ್ತದೆ. ಕೆಮ್ಮಿದ. "ನೋಡಾಣ."

"ನೋಡೋದೇನು ರೀ? ಇನ್ನರ್ಧ ಗಂಟೆಯಲ್ಲಿ ಪಟ್ಟಿ ಪ್ರೆಸ್ಸಿಗೆ ಹೋಗ್ತದೆ."

ಮಂಚಯ್ಯನಿಗೆ ಚೆಲುವನಾರಾಯಣನೂ ಕಂಡ, ಇಂದ್ರಮ್ಮನೂ ಕಂಡರು. ಸ್ಟೇಜಿನ ಮೇಲೆ ಕೈಯೆತ್ತಿ ನಿಂತ ಯಜಮಾನರು, ಕೆಳಗೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುವ ಜನ, ಅದೂ ಕಂಡಿತು. "ನೋಡಾಣ" ಎಂದ.

"ನಿಮ್ಮ ಮನಸ್ಸಿನಲ್ಲಿ ಏನಿದೆ ಬಾಯಿಬಿಟ್ಟು ಹೇಳ್ರಿ!"

"ನೋಡಾಣ."

"ಏನ್ರೀ ದೌಲತ್ತು ನಿಮ್ದು? ನಾನೇನು ನಿಮ್ಮ ಮನೆ ಬಾಗಿಲು ಕಾಯೋ ಆಳಾ?" ಎಂದು ಅವರು ಫೋನು ಕುಕ್ಕಿದರು. ಆಳಲ್ಲ ನಿಜ. ಆಳು ಈ ಕಡೆ ರಿಸೀವರು ಹಿಡಿದು ನಿಂತಿದ್ದ. ಆಣೆಗೆ ಹೆದರಿ ಹಾಗಂದೆನೋ, ಯಜಮಾನರ ಮಾನ ಕಾಯಲು ಹಾಗಂದೆನೋ, ಎಷ್ಟು ಯೋಚಿಸಿದರೂ ಅವನಿಗೆ ಬಗೆಹರಿಯಲಿಲ್ಲ. ಊಟವನ್ನೂ ಬಿಟ್ಟ.

ಸಂಜೆ ಐದೂವರೆಗೆ ಕಾರು ಬಂತು. ಮನೆಯ ಎದುರಿಗೇ ಹಾಲಿನ ಡೈರಿ. ಅದು ಹಾಲು ಅಳೆಯುವ ಹೊತ್ತು. ಕ್ಯಾನು, ಚೊಂಬು, ಬಿಂದಿಗೆ ಹಿಡಿದ ಮೂವತ್ತು ಜನ ಸಾಲಾಗಿ ನಿಂತಿದ್ದರು. ಮಂಚಯ್ಯನಿಗೆ ಒಳಗೆ ಹೋಗುವ ತನಕ ತಡೆಯಲಾಗಲಿಲ್ಲ. ಕಾರಿಳಿದ ಯಜಮಾನರ ಎಡಗಿವಿಗೆ ಬಾಯಿಟ್ಟು, "ಟಿಕೇಟ್ ಫೋನ್ ಬಂದಿತ್ತು ಬುದ್ದಿ" ಎಂದು ಪಿಸುಗುಟ್ಟಿದ.

"ಆಂ?"

"ಟಿಕೇಟು!"

"ಬಕೇಟಾ? ಕೊಟ್ಟಿಗೇಲೇ ಇತ್ತಲ್ಲೋ."

"ಬಕೇಟಲ್ಲ ಬುದ್ದಿ, ಟಿಕೇಟು, ಬೆಂಗ್ಳೂರಿಂದ!"

"ಬೆಂಗ್ಳೂರಿಂದ ಯಾಕ್ಲಾ ಬಕೇಟು?"

ಮಂಚಯ್ಯನ ಸ್ವಂತ ಧ್ವನಿ ತೆಳ್ಳಗಿನದು; ಎಷ್ಟು ಅರಚಿದರೂ ಕೀರಲಾಗುತ್ತಿತ್ತು. ಅದುವರೆಗೆ ತಡೆದುಕೊಂಡಿದ್ದ ಭಯ, ದುಃಖ, ಹಸಿವು ಎಲ್ಲ ಒಟ್ಟಿಗೆ ನುಗ್ಗಿ ಬಂದು, ತನಗೆ ತಿಳಿಯದೆಯೇ ಒಂದು ಕೆಮ್ಮು ಕೆಮ್ಮಿ, ಆ ದೊಡ್ಡ ಗಂಟಲಿಗೇ ಕೈಹಾಕಿದ. "ನಿಮ್ಗೇ ಟಿಕೇಟ್ ಕೊಡ್ತೀವಿ ಅಂದ್ರು! ನಿಮ್ಗೆ ಕಿವಿ ಕೇಳಾಕಿಲ್ಲ ಅಂತ ನಿಮ್ ದನೀಲಿ ನಾನೇ ಮಾತಾಡ್ದೆ! ಮೂರ್ ಸಲ ನೋಡಾಣ ಅಂದೆ! ಟಿಕೇಟ್ ಓಯ್ತು!"

ಸಂತೆಮಾಳದ ಆಚೆಗೂ ಕೇಳಿಸಿತು. ಡೈರಿಯ ಸಾಲು ಕಲ್ಲಿನಂತೆ ನಿಂತಿತು. ಮಿನಿಸ್ಟ್ರ ಬಾಯಿ ಮುಚ್ಚಿದೆ, ಮಿನಿಸ್ಟ್ರ ಧ್ವನಿ ಬೀದಿ ತುಂಬ ಮೊಳಗುತ್ತಿದೆ! ಸಾಲಿನಲ್ಲಿದ್ದ ಬೋರಯ್ಯನೆಂಬ ಮುದುಕ ಕ್ಯಾನು ಕೆಳಗಿಟ್ಟು, "ಅಲಲಲಾ, ನಮ್ ಮಿನಿಸ್ಟ್ರು ಬಾಯ್ ಮುಚ್ಕಂಡೇ ಮಾತಾಡ್ತಾವ್ರಲ್ರಪ್ಪೋ!" ಎಂದ. ಒಬ್ಬ ಕಿಸಕ್ಕೆಂದ. ಆಮೇಲೆ ಮೂವತ್ತು ಜನವೂ.

ಈ ಸಲ ಮಿನಿಸ್ಟ್ರಿಗೆ ಮಂಚಯ್ಯನ ಮಾತೆಲ್ಲ ಕೇಳಿಸಿತ್ತು. ಕೇಳಿಸದ ನಗು ಕಣ್ಣಿಗೆ ಕಾಣುತ್ತಿತ್ತು. ಅವರ ಮುಖ ಮೊದಲು ಕೆಂಪಗಾಗಿ, ಆಮೇಲೆ ಬೂದಿಯಾಯಿತು. "ಗಂಟು ಕಟ್ಕೊ" ಎಂದಷ್ಟೇ ಹೇಳಿ ಒಳಗೆ ಹೋದರು.

ಇಪ್ಪತ್ತಾರು ವರ್ಷದ ಗಂಟು ಒಂದು ಟ್ರಂಕೂ ತುಂಬಲಿಲ್ಲ. ಹಿತ್ತಲ ಬಾಗಿಲಲ್ಲಿ ಇಂದ್ರಮ್ಮ ಬುತ್ತಿ ಕೊಟ್ಟು, "ನಾಕ್ ದಿನ ಊರಲ್ಲಿರು. ನನ್ ಹರಕೆ ನೀನ್ ತೀರ್ಸಿದ್ದೀಯ" ಎಂದರು. ಮಂಚಯ್ಯನಿಗೆ ಆ ಮಾತೂ ಸಮಾಧಾನ ಕೊಡಲಿಲ್ಲ. ಬಸ್ಸಿನಲ್ಲಿ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಊರಿನಲ್ಲಿ ಅವನು ಹೊಲಕ್ಕೂ ಆಗಲಿಲ್ಲ, ಮನೆಗೂ ಆಗಲಿಲ್ಲ. ರಾಗಿ ಕೊಯ್ಲು ಹತ್ತಿರ ಬಂದಿತ್ತು. ಕುಡುಗೋಲು ಹಿಡಿದರೆ ಬೆರಳು ಕುಯ್ದುಕೊಂಡ. ಯಾರ ಮನೆಯಲ್ಲೋ ಫೋನು ಬಡಿದರೆ ತಟ್ಟನೆ ಎದ್ದು ನಿಲ್ಲುವನು. ಐದನೆಯ ದಿನ ಬೆಳಿಗ್ಗೆ, ಊರ ಬಾಗಿಲಲ್ಲಲ್ಲ, ನೇರವಾಗಿ ಅವನ ಮನೆ ಬಾಗಿಲಲ್ಲೇ ಬಿಳಿ ಅಂಬಾಸಿಡರ್ ನಿಂತಿತು. ಮಿನಿಸ್ಟ್ರು ಇಳಿದರು. ತಲೆಗೆ, ಕಿವಿ ಮುಚ್ಚುವ ಹಾಗೆ, ಟವೆಲ್ಲು ಸುತ್ತಿಕೊಂಡಿದ್ದರು.

ಮಂಚಯ್ಯ ಚಾಪೆ ಹಾಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾದಮ್ಮ ನೀರಿನ ಚೊಂಬು ತಂದು ಬಗ್ಗಿದಳು. ಕುಂಯ್ಯ್ ಎಂದು ಏನೋ ಕೂಗಿತು.

"ಪಕ್ಕದ್ ಮನೇಲಿ ಕುಕ್ಕರ್ ಕೂಗ್ತಾ?" ಎಂದಳು ಮಾದಮ್ಮ.

ಮಿನಿಸ್ಟ್ರು ಟವೆಲ್ಲು ಬಿಚ್ಚಿದರು. ಎಡಗಿವಿಯಲ್ಲಿ ಹುಣಸೆಬೀಜದಷ್ಟು ಗಾತ್ರದ ಒಂದು ಯಂತ್ರವಿತ್ತು. "ಇದು ಕಣವ್ವ. ಮೈಸೂರಲ್ಲಿ ಆಕಿಸ್ಕೊಂಡೆ. ಯಾರಾರ ಅತ್ರ ಬಂದ್ರೆ ಸಿಳ್ಳೆ ಒಡೀತದೆ" ಎಂದು ತಪ್ಪು ಮಾಡಿದ ಹುಡುಗನ ಹಾಗೆ ಹೇಳಿದರು. "ಮೆತ್ತಗೆ ಮಾತಾಡಿದ್ರೂ ಕೇಳ್ತದೆ."

"ಎಂಗಿದ್ದೀರಿ ಬುದ್ದಿ?" ಎಂದ ಮಂಚಯ್ಯ, ತನ್ನ ತೆಳ್ಳನೆಯ ಧ್ವನಿಯಲ್ಲಿ.

ಮಿನಿಸ್ಟ್ರು ಅವನನ್ನೇ ನೋಡಿದರು. ಎರಡು ವರ್ಷದಿಂದ ಕಿವಿಯೊಳಗಿನ ಅರಚಾಟವಾಗಿ ಮಾತ್ರ ಕೇಳುತ್ತಿದ್ದ ಧ್ವನಿ ಅದು. "ಇಷ್ಟ್ ಸಣ್ ದನಿಯಾ ನಿಂದು! ಮರ್ತೇ ಓಗಿತ್ತು ಕಣ್ಲಾ" ಎಂದರು. ಆಮೇಲೆ ಸೂರಿನ ಕಡೆ ನೋಡುತ್ತಾ, "ಹಸ ನನ್ನ ಒದೀತು" ಎಂದರು.

"ನೀವ್ಯಾಕೆ ಕರೆಯಾಕೋದ್ರಿ? ಗದರಿದ್ರೆ ನಿಂತ್ಕೊತಿತ್ತು."

"ಗದರ್ದೆ ಕಣ್ಲಾ. ನಿನ್ ಗಂಟ್ಲಿಗೇ ಒಗ್ಗೋಗದೆ ಅದು. ನನ್ ದನಿ ಕೇಳಿ, ಯಾವನೋ ಕಳ್ಳ ಬಂದ ಅನ್ಕೊಂತು."

ಮಂಚಯ್ಯ ನಗು ತಡೆಯಲು ಹೋಗಿ ಸೋತ. ಮಿನಿಸ್ಟ್ರಿಗೂ ತಡೆಯಲಾಗಲಿಲ್ಲ. ಮಾದಮ್ಮ ಮಾತ್ರ ನಗಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ನಕ್ಕಾಯ್ತಾ? ಈಗ ನನ್ ಮಾತ್ಗೆ ಬನ್ನಿ. ಇಪ್ಪತ್ತಾರೊರ್ಸ ನನ್ ಗಂಡನ್ನ ಮಡಿಕ್ಕಂಡಿದ್ರಿ. ಬ್ಯಾಡಾಂದಾಗ ಅಟ್ಟುದ್ರಿ. ಬೇಕು ಅಂದಾಗ ಕಾರ್ ತಂದ್ರಿ. ಇವ್ನೇನ್ ಮನ್ಸನಾ, ನಿಮ್ಮನೆ ಛತ್ರಿಯಾ? ಕರ್ಕೊಂಡೋಗಿ, ಬ್ಯಾಡ ಅನ್ನಾಕಿಲ್ಲ, ನಂಗೂ ಇವ್ನು ಮನೇಲಿದ್ರೆ ಕಾಲ್ಗೆ ತೊಡರ್ಕೋತಾನೆ. ಆದ್ರೆ ವಾರ ವಾರ ಎಲ್ಡ್ ದಿನ ನನ್ ಮನೆಗೆ ಬರ್ಬೇಕು."

ಮಂಚಯ್ಯ ಗಾಬರಿಯಾಗಿ ಯಜಮಾನರ ಮುಖ ನೋಡಿದ. ಆ ಮನುಷ್ಯನಿಗೆ ಹೀಗೆ ಎದುರುನಿಂತು ಹೇಳಿದವರು ಜಿಲ್ಲಾಧಿಕಾರಿಗಳಲ್ಲೂ ಇರಲಿಲ್ಲ.

"ಆಯ್ತವ್ವ. ಸನಿವಾರ, ಭಾನ್ವಾರ ನಿಂದು" ಎಂದರು ಮಿನಿಸ್ಟ್ರು.

ಅಷ್ಟರಲ್ಲಿ ಮನೆ ಮುಂದೆ ಜನ ಸೇರಿದ್ದರು. ಕಾಲೇಜಿಗೆ ಹೋಗುವ ಮಗಳಿದ್ದ ಹುಚ್ಚಯ್ಯನೆಂಬಾತ ಮುಂದೆ ಬಂದು, ಏಳರ ಬಸ್ಸಿನಿಂದ ಅವಳ ಓದು ಉಳಿಯಿತೆಂದು ಕೈಮುಗಿದ. ಮಿನಿಸ್ಟ್ರು ಮಂಚಯ್ಯನ ಕಡೆ ಕಣ್ಣು ಹಾಯಿಸಿದರು. ಅವನು ಎಲ್ಲಿ ಅವಿತುಕೊಳ್ಳಲಿ ಎಂದು ನೋಡುತ್ತಿದ್ದ. "ನನ್ಗಲ್ಲ ಕಣಪ್ಪ, ಅವನ್ಗೆ ಮುಗಿ" ಎನ್ನುವುದು ಅವರ ನಾಲಿಗೆಯ ತುದಿಗೆ ಬಂದಿತ್ತೋ ಏನೋ. ಮೂವತ್ತು ವರ್ಷದ ರಾಜಕೀಯ ಒಂದೇ ದಿನಕ್ಕೆ ಬಿಡುವುದಿಲ್ಲ. "ನಾವಿಬ್ರೂ ಸೇರಿ ಮಾಡುದ್ವಿ" ಎಂದರು. ಮಂಚಯ್ಯನಿಗೆ ಅಷ್ಟೇ ಸಾಕಾಗಿ ಹೆಚ್ಚಾಯಿತು.

ಮಿನಿಸ್ಟ್ರಿಗೆ ತಪ್ಪಿದ ಟಿಕೆಟ್ಟು ಸಿಕ್ಕಿದ್ದ ತಿಮ್ಮೇಶ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ. ಫಲಿತಾಂಶದ ದಿನದಿಂದ ಮಿನಿಸ್ಟ್ರು, "ಗಾಳಿ ಎತ್ಲಾಗ್ ಬೀಸ್ತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅದ್ಕೇ ಮೂರ್ ಸಲ ಕೇಳಿದ್ರೂ ಒಪ್ನಿಲ್ಲ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಡೈರಿಯ ಮುಂದೆ ನಡೆದದ್ದು ಊರಿಗೆಲ್ಲ ಗೊತ್ತಿದ್ದರೂ ಎಲ್ಲರೂ ಹೌದೌದೆಂದರು. ಕಾಫಿ ತಂದಿಡುತ್ತಿದ್ದ ಮಂಚಯ್ಯ ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸಲಿಲ್ಲ.

ಫೋನನ್ನು ಅವನು ಈಗ ತನ್ನ ಧ್ವನಿಯಲ್ಲೇ ಎತ್ತುತ್ತಿದ್ದ. ಕಷ್ಟ ಹೇಳಿಕೊಳ್ಳುವ ಜನವೇ ಅದಕ್ಕೆ ಒಪ್ಪಲಿಲ್ಲ. "ಮಂಚಣ್ಣ, ನಿನ್ ದನೀಲಿ ಯೋಳುದ್ರೆ ಆಪೀಸ್ನೋರು ಎದ್ರಾಕಿಲ್ಲ. ಆ ದನೀಲೇ ಒಂದ್ ಮಾತಾಕು" ಎನ್ನುತ್ತಿದ್ದರು. ಅವನು ಒಳಗೆ ಹೋಗಿ ಯಜಮಾನರನ್ನು ಕೇಳುವನು. ಮಿನಿಸ್ಟ್ರು ಪೇಪರಿನಿಂದ ತಲೆಯೆತ್ತದೆ ವಿಚಾರಿಸುವರು: ಯಾರು, ಏನು, ನಿಜವಾಗಿ ಕಷ್ಟವಿದೆಯಾ? ಇದೆ ಎಂದರೆ, ಎದ್ದು ಬಂದು ತಾವೇ ಮಾತಾಡುವರು. ಮಂಡಿ ನೋಯುತ್ತಿದ್ದರೆ "ನೀನೇ ಕೆಮ್ಮೋಗು" ಎನ್ನುವರು.

ಶನಿವಾರ ಮಧ್ಯಾಹ್ನ ಇಂದ್ರಮ್ಮ ಮಾದಮ್ಮನಿಗೆಂದು ಕಟ್ಟಿಕೊಟ್ಟ ಬೆಲ್ಲ, ಕೊಬ್ಬರಿ ಹಿಡಿದು ಮಂಚಯ್ಯ ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದ. ಮೊದಲ ಶನಿವಾರ ಮಿನಿಸ್ಟ್ರು ಅಂಗಳದ ತನಕ ಬಂದರು.

"ಸೋಮವಾರ ಒತ್ತಾರೆ ಬಂದ್ಬುಡ್ಲಾ. ಜಾಸ್ತಿ ಉಂಡು ಒಟ್ಟೆ ಕೆಡಿಸ್ಕೊಬ್ಯಾಡ."

"ನೀವೂ ಅಷ್ಟೇ ಬುದ್ದಿ. ಯಂತ್ರ ಬಿಚ್ಚಿ ಮಡಗ್ಬ್ಯಾಡಿ, ಅಮ್ಮಾವ್ರು ಕೂಗ್ದಾಗ ಕೇಳ್ಬೇಕು" ಎಂದ ಮಂಚಯ್ಯ, ಬೀದಿಗೆ ಕಾಲಿಟ್ಟು.

ಮಿನಿಸ್ಟ್ರು ಕೇಳಿಸದವರ ಹಾಗೆ ಆಕಾಶ ನೋಡಿ, ಗೇಟು ಎಳೆದುಕೊಂಡು, ಒಳಗೆ ಹೋದರು.